ಹೆರುವವಳ ಕೈ ಹಿಡಿದು ಕೂರುತ್ತಿದ್ದ ಗಿರಿಜವ್ವ

ಗಿರಿಜವ್ವ ತೀರಿಕೊಂಡು ತಿಂಗಳಾಯಿತು. ಅವಳು ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಐನಾಪುರದ ಸುತ್ತ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಹೋಗಿ ಪಕ್ಕದಲ್ಲಿ ಕೂತು, ಸೊಂಟ ನೀವಿ, ಕೂಸು ಹುಟ್ಟುವವರೆಗೆ ಕೈ ಬಿಡುತ್ತಿರಲಿಲ್ಲ. ಆ ಮನೆಯವರು ಕೊಟ್ಟ ಕಾಳುಕಡಿಯೇ ಅವಳ ಹೊಟ್ಟೆಪಾಡು. ಕರೆಯಲು ಬಂದವರಿಗೆ ಮೊದಲೇ ಹೇಳುತ್ತಿದ್ದಳು: “ಹೊಕ್ಕಳಬಳ್ಳಿ ನಾ ಮುಟ್ಟಂಗಿಲ್ರಿ. ಅದಕ್ಕ ನರ್ಸಬಾಯಿ ಬೇಕು. ಆಕಿ ಬರಂಗಿಲ್ಲಂದ್ರ ನಾನೂ ಬರಂಗಿಲ್ಲ.”

ಹಾಗಾದರೆ ಇವಳು ಬರುವುದೇಕೆ ಎಂದು ಜನಕ್ಕೆ ಅನುಮಾನ.

ತೊಂಬತ್ತೊಂದನೇ ಇಸವಿಯಲ್ಲಿ ಜಯಪಾಲನ ಹೆಂಡತಿ ಜಿನಮತಿ ಅವಳನ್ನು ಕರೆಸಿದಳು. ಚೊಚ್ಚಲ ಕೂಸು ತವರಿನಲ್ಲಿ ಹೆರಿಗೆಯಲ್ಲೇ ಹೋಗಿತ್ತು. ಈ ಸಲ ಪಕ್ಕದಲ್ಲಿ ಯಾರಾದರೂ ಇರಲೇಬೇಕೆಂದು ಹಟ ಹಿಡಿದಿದ್ದಳು. ಅತ್ತೆ ಮಂಗಲಬಾಯಿಗೆ ಇದು ಸೇರಲಿಲ್ಲ. ಹೆರಿಗೆಗೆ ಇನ್ನೂ ದಿನಗಳಿದ್ದಾಗ ಗಿರಿಜವ್ವ ಮಾತಾಡಿಸಲು ಹೋದಳು, ಅವಳ ಪಕ್ಕದ ಮನೆಯ ನಾನೂ ಜೊತೆಗಿದ್ದೆ.

“ಈಗ್ಯಾಕ ಬಂದಿ? ಮನಿ ನೋಡಾಕ?” ಎಂದರು ಮಂಗಲಬಾಯಿ.

“ಸೊಸಿನ್ನ ನೋಡಾಕ್ರಿ. ಗುರುತಿಲ್ಲದಾಕಿ ಕೈ ಯಾರ ಹಿಡೀತಾರ?”

“ಬೀಗರು ಕಳಿಸ್ಯಾರೇನ ನಿನ್ನ?”

“ಬೀಗರು ಕಳಿಸಿದ್ರ ಚಲೋ ಸೀರಿ ಉಟಗೊಂಡ ಬರತಿದ್ನಿ, ಬಾಯಾರ.”

ಮಂಗಲಬಾಯಿ ನಗಲಿಲ್ಲ.

ನೋವು ಬಂದದ್ದು ಒಂದು ಚತುರ್ದಶಿ. ಮಂಗಲಬಾಯಿಗೆ ಉಪವಾಸ. ಆ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ, ಗುಟುಕು ನೀರೂ ಇಲ್ಲ. ಜಿನಮತಿ ನೋವಿನಲ್ಲೂ ಆ ನೇಮ ಬಿಡಲೊಲ್ಲಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆರಿಗೆ ಇನ್ನೂ ತಡ ಎಂದು ಬಂದಿದ್ದ ನರ್ಸು ಹೇಳಿದಳು. ಸಂಜೆ ಬಿಸಿಲು ಗೋಡೆಯ ತುದಿಗೆ ಏರಿದ್ದನ್ನು ನೋಡಿ ಗಿರಿಜವ್ವ ಹಿತ್ತಲ ಒಲೆಯ ಮೇಲೆ ಗಂಜಿ ಕಾಯಿಸಿ ತಂದಳು. ಮಂಗಲಬಾಯಿ ಬಾಗಿಲಿಗೆ ಅಡ್ಡ ನಿಂತರು.

“ಏನ ಕಲಸಿದಿ ಇದರಾಗ?”

“ಅಕ್ಕಿನುಚ್ಚು, ಉಪ್ಪು.”

“ಮದ್ದು ಹಾಕಿದ್ರ ಹೇಳತಿಯೇನ? ಮೊದಲ ನೀ ಕುಡಿ.”

ಗಿರಿಜವ್ವ ಎಂಜಲಾಗದಂತೆ ಅಂಗೈಗೆ ಸುರಿದುಕೊಂಡು ಕುಡಿದಳು.

“ನಿನ್ನ ನಾಲಿಗಿ ನಿನ್ನ ಮಾತ ಕೇಳತೈತಿ.”

“ನಿಮ್ಮದು ನಿಮ್ಮ ಮಾತ ಕೇಳತೈತಲ್ರಿ. ನೀವ ನೋಡ್ರಿ. ಹೊತ್ತು ಹೊಂಟೈತಿ.”

ಹನಿ ನಾಲಿಗೆಗೆ ತಾಕಿದರೂ ಉಪವಾಸ ಮುರಿದಂತೆ. ಒಳಗೆ ಜಿನಮತಿ ನರಳಿದಳು. ಮಂಗಲಬಾಯಿ ಅಂಗೈ ಒಡ್ಡಿದರು. ಮದುವೆಯಾದಾಗಿನಿಂದ ತಪ್ಪದೆ ಹಿಡಿದ ಚತುರ್ದಶಿಯನ್ನು ಅವರು ಮುರಿದದ್ದು ಪ್ರೀತಿಗಲ್ಲ, ಅನುಮಾನಕ್ಕೆ.

“ಉಪ್ಪು ಕಡಿಮಿ ಐತಿ,” ಎಂದು ಬಟ್ಟಲು ಕಸಿದುಕೊಂಡು ತಾವೇ ಸೊಸೆಯ ಬಾಯಿಗೆ ಹಿಡಿದರು. ಜಿನಮತಿ ಅಷ್ಟನ್ನೂ ಕುಡಿದಳು.

ಆಮೇಲೆ ಅವರು ಕೋಣೆ ಬಿಟ್ಟು ಕದಲಲಿಲ್ಲ; ಗಿರಿಜವ್ವನ ಮೇಲೆ ಕಣ್ಣಿಡಬೇಕಿತ್ತಲ್ಲ. ಗಿರಿಜವ್ವ ಜಿನಮತಿಯ ಒಂದು ಕೈಯನ್ನು ಎತ್ತಿ ಅವರ ಕೈಗಿಟ್ಟಳು. ನೋವು ಬಂದಾಗಲೆಲ್ಲ ಜಿನಮತಿ ಎರಡೂ ಕಡೆ ಬಿಗಿಯಾಗಿ ಹಿಡಿದುಕೊಂಡಳು. ಹೆಣ್ಣುಕೂಸು ಅತ್ತಾಗ ಮಂಗಲಬಾಯಿಯ ಬೆರಳು ಕೆಂಪಾಗಿದ್ದವು.

“ಕೈ ಹಿಡಕೊಂಡ ಕೂಡಾಕ ನಿನ್ನ ಯಾಕ ಕರಸಬೇಕಿತ್ತು?” ಎಂದರು.

“ಮುಂದಿನ ಸಲ ಕರಸಬ್ಯಾಡ್ರಿ. ನೀವ ಕೂಡ್ರಿ.”

ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಳ್ಳುವವರನ್ನು ಮಂಗಲಬಾಯಿ ಅದುವರೆಗೆ ಕಂಡಿರಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು, ಈ ಮಾತಿನ ಹಿಂದೆ ಇನ್ನೇನಿದೆಯೋ ಎಂಬಂತೆ ಗಿರಿಜವ್ವನನ್ನು ನೋಡುತ್ತಲೇ ಇದ್ದರು.