ಇಂಜಿನ್ ಕಾಯುವವರೆಗೆ

ವಾರದಲ್ಲಿ ಮೂರು ದಿನ ಕೂಡ್ಲಿಗಿಯ ನಮ್ಮ ಓಣಿಗೆ ಬೆಳಗಾಗುವುದು ಭೀಮರಾಜ ಮೇಷ್ಟ್ರ ಕಾರಿನ ಸದ್ದಿನಿಂದ. ಕೀಲಿ ತಿರುವಿದ ಮೇಲೂ ಹತ್ತು ನಿಮಿಷ ಅವರು ಗಾಡಿ ಕದಲಿಸುವುದಿಲ್ಲ. ಬಾನೆಟ್ಟಿಗೆ ಕಿವಿಗೊಟ್ಟು, ಹೊಗೆ ನೋಡಿ, ಗಾಜು ಒರೆಸಿ, ಮತ್ತೆ ಕಿವಿಗೊಡುತ್ತಾರೆ. “ಇಂಜಿನ್ ಕಾಯ್ಬೇಕ್ರಿ, ಅವಸರ ಮಾಡಿದ್ರ ಅದಕ್ಕ ನೋವಾಗ್ತೈತಿ” ಎಂಬುದು ಅವರ ಮಾತು. “ಈಗಿನ ಗಾಡಿಗೆ ಅರ್ಧ ನಿಮಿಷ ಸಾಕ್ರಿ ಸರ್” ಎಂದು ಮೆಕ್ಯಾನಿಕ್ ಮುಬಶ್ಶಿರ ಹೇಳಿ ಹೇಳಿ ಸೋತಿದ್ದಾನೆ. ಕಳೆದ ಸೋಮವಾರ ನಾನೂ ಅವರ ಜೊತೆ ಹೊಸಪೇಟೆಗೆ ಹೊರಟಿದ್ದೆ. ಅಲ್ಲಿ ಅವರ ಹೆಂಡತಿ ಕೋಮಲಾಗೆ ಎಂಟಕ್ಕೆ ಡಯಾಲಿಸಿಸ್. ತಡವಾದರೆ ಸರದಿ ಇನ್ನೊಬ್ಬರಿಗೆ ಹೋಗುತ್ತದೆ. ಆಗಲೇ ಏಳು ಗಂಟೆ. ಕಾಲು ಊದಿದ್ದ ಕೋಮಲಾ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿಯುತ್ತ, ಏದುಸಿರು ಬಂದು ನಡುವೆಯೇ ನಿಂತುಬಿಟ್ಟರು. ಕೈ ಕೊಡಲೆಂದು ನಾನು ಕಾರಿನ ಬಾಗಿಲು ತೆರೆದೆ. ಮೇಷ್ಟ್ರು ನನ್ನ ತೋಳು ಹಿಡಿದರು: “ಕುಂದರ್ರಿ. ಹಿಡ್ಕೊಳ್ಳಾಕ ಹೋದ್ರ ಮನಸಿಗೆ ಹಚ್ಚಿಕೊಂತಾಳ.” “ನನ್ನಿಂದ ತಡಾ ಆತೇನ್ರಿ?” ಎಂದು ಕೋಮಲಾ ಅಲ್ಲಿಂದಲೇ ಕೇಳಿದರು. “ಇಲ್ಲ ಮಾರಾಯ್ತಿ, ಇಂಜಿನ್ನ ಇನ್ನೂ ಕಾದಿಲ್ಲ. ಆರಾಮ ಬಾ” ಎಂದು ಮೇಷ್ಟ್ರು ಕೂಗಿದರು. ಅದು ಕಾದು ಎಷ್ಟೋ ಹೊತ್ತಾಗಿತ್ತು. ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿದ್ದು ನನ್ನ ಕಣ್ಣೆದುರೇ ಇತ್ತು. ಮೇಷ್ಟ್ರು ಮುಂದಿನ ಗಾಜನ್ನು ಒಳಗಿನಿಂದ ಮತ್ತೆ ಒರೆಸತೊಡಗಿದರು. ಆಕೆ ಬಂದು ಕೂತು, ಸೆರಗು ಸರಿಮಾಡಿಕೊಂಡ ಮೇಲೆಯೇ ಗೇರ್ ಹಾಕಿದರು. ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಲೇ ಇದ್ದೆ. ಆಸ್ಪತ್ರೆಯ ಗೇಟು ಹೊಕ್ಕಾಗ ಎಂಟಕ್ಕೆ ಎರಡೇ ನಿಮಿಷವಿತ್ತು. “ಇವತ್ತ ಲಗೂನ ಬಂದ್ವಲ್ರಿ” ಎಂದರು ಕೋಮಲಾ, ಖುಷಿಯಿಂದ. ಮೇಷ್ಟ್ರು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಹೂಂಗುಟ್ಟಿದರು.