ಟವೆಲ್ಲಿನ ಮೇಲೆ ಕೂತ ಪಾಪ

ಹೋದ ವಾರ ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ಇತ್ತು. ಹೊರಗಿನಿಂದ ಒಂದು ಕೈ ಒಳಗೆ ಬಂದು, ಟವೆಲ್ಲೊಂದನ್ನು ಬಿಟ್ಟು ಮಾಯವಾಯಿತು. ಪಕ್ಕದ ಸೀಟಿಗೆಂದು ಎಸೆದದ್ದು ನನ್ನ ತೊಡೆಯ ಮೇಲೆ ಬಿತ್ತು. ಬೆವರು, ಕೊಬ್ಬರಿ ಎಣ್ಣೆ, ತಂಬಾಕು ಮೂರೂ ಕಲೆತ ವಾಸನೆ. "ಅಜ್ಜಾರ, ಸ್ವಲ್ಪ ಬಾಜೂಕ ಹಾಸ್ರಿ ಅದನ್ನ, ಚಾ ಕುಡದ ಬರತೇನಿ" ಎಂದು ಕೆಳಗಿನಿಂದ ದನಿ ಬಂತು. ನಾನು ಟವೆಲ್ಲನ್ನು ಎರಡೂ ಕೈಯಿಂದ ಎತ್ತಿ, ಪಕ್ಕದ ಸೀಟಿನ ಮೇಲೆ ನೀಟಾಗಿ ಹಾಸಿ, ಮೇಲೊಂದು ಕೈಯಿಟ್ಟು ಕಾವಲು ಕೂತೆ. ಆಚೆಯ ಸೀಟಿನ ಹೆಣ್ಣುಮಗಳು ನನ್ನನ್ನು ಒಂಥರಾ ನೋಡಿದಳು. ಯಾರದೋ ಟವೆಲ್ಲಿಗೆ ಈ ಮುದುಕ ಇಷ್ಟು ಮರ್ಯಾದೆ ಕೊಡುವುದೇಕೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಿಮಗೆ ಹೇಳುತ್ತೇನೆ. ಹೇಳಿದ ಮೇಲೆ ನನ್ನ ಬಗ್ಗೆ ನಿಮಗಿರುವ ಗೌರವ ಕಡಿಮೆಯಾದರೆ ಆಗಲಿ, ಮೊದಲೇ ಬಹಳ ಇರಲಿಕ್ಕಿಲ್ಲ.

ತೊಂಬತ್ತರ ದಶಕದಲ್ಲಿ ನಾನು ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಸವದತ್ತಿಯಲ್ಲಿ. ದಿನಾ ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಆ ಬಸ್ಸಿಗೆ ಬರೆದಿಡದ ಒಂದು ಕಾಯಿದೆ ಇತ್ತು. ಕಿಟಕಿಯಿಂದ ಟವೆಲ್ಲು ಎಸೆದವನದೇ ಸೀಟು. ಅವನು ಚಹಾ ಕುಡಿಯಲಿ, ಬೀಡಿ ಸೇದಲಿ, ಬೀಗರ ಜೊತೆ ಹರಟಲಿ, ಟವೆಲ್ಲನ್ನು ಯಾರೂ ಮುಟ್ಟುವಂತಿಲ್ಲ. ಹೊಲದ ಬದುವಿಗಾಗಿ ಅಣ್ಣ ತಮ್ಮಂದಿರು ಬಡಿದಾಡುವ ನಮ್ಮ ಸೀಮೆಯಲ್ಲಿ ಒಂದು ಮಾಸಲು ಬಟ್ಟೆಗೆ ಇಂಥ ಮರ್ಯಾದೆ ಸಿಕ್ಕಿದ್ದು ನನಗೆ ಈಗಲೂ ಸೋಜಿಗ.

ಆ ಬಸ್ಸಿನಲ್ಲಿ ನನಗಿಬ್ಬರು ಖಾಯಂ ಜೊತೆಗಾರರು. ಒಬ್ಬರು ಸಮುವೇಲ ಮಾಸ್ತರರು, ಇನ್ನೊಂದು ಶಾಲೆಯ ಡ್ರಾಯಿಂಗ್ ಮಾಸ್ತರರು. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವರು, ಉಳಿದ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಗುವವರು. ಇನ್ನೊಬ್ಬರು ಬಾಬುಸಾಬರು, ಜಮೀನು ಅಳೆಯುವ ಸರ್ವೇಯರ್. ಐದು ಹೊತ್ತಿನ ನಮಾಜು ತಪ್ಪಿಸದ, ಕಡಿಮೆ ಮಾತಿನ, ಚಹಾಕ್ಕೆ ಸಕ್ಕರೆಯನ್ನೂ ಅಳೆದೇ ಹಾಕಿಕೊಳ್ಳುವ ಮನುಷ್ಯ. ನಡುವೆ ಲಿಂಗವಂತನಾದ ನಾನು. ಮೂವರ ಸೀಟಿನಲ್ಲಿ ಒತ್ತಿಕೊಂಡು ಕೂತರೆ ರಾಮದುರ್ಗ ಬರುವವರೆಗೆ ಸ್ವರ್ಗ ನರಕಗಳ ವಿಚಾರಣೆ.

"ಆದಮ ಹಣ್ಣ ತಿಂದಿದ್ದು ನಿಮ್ಮದ್ಯಾಗೂ ಐತಿ, ನಮ್ಮದ್ಯಾಗೂ ಐತಿ" ಎಂದು ಒಮ್ಮೆ ಬಾಬುಸಾಬರು ಶುರುಮಾಡಿದರು. "ನಮ್ಮದ್ಯಾಗ ಗಂಡ ಹೆಂಡ್ತಿ ಇಬ್ಬರೂ ತಪ್ಪಾತು ಅಂದ್ರು, ಅಲ್ಲಾ ಮಾಫ್ ಮಾಡಿದ, ಕೇಸ್ ಅಲ್ಲೇ ಮುಗೀತು. ನಿಮ್ಮದ್ಯಾಗ ಇನ್ನೂ ನಡದೈತಿ."

"ಅದಕ್ಕಽ ನಮಗ ದೊಡ್ಡ ವಕೀಲ ಬೇಕಾದ" ಎಂದು ಸಮುವೇಲರು ನಕ್ಕರು. "ನಮ್ಮೆಲ್ಲಾರ ಶಿಕ್ಷಾನೂ ಅಂವನಽ ಹೊತ್ತ. ನಿಮ್ಮದ್ಯಾಗ ಹೆಂಗ್ರಿ ಮಾಸ್ತರ?"

"ನಮ್ಮದ್ಯಾಗ ಹಣ್ಣ ತಿನ್ನಾಕ ಅಡ್ಡಿ ಇಲ್ರಿ" ಎಂದೆ. ಹಿಂದಿನ ಸೀಟಿನವರೂ ನಕ್ಕರು. ಪಾಪದ ಬಗ್ಗೆ ಇಷ್ಟು ಹಗುರಾಗಿ ಮಾತಾಡಲು ಕಾರಣ, ಹೇಳಿಕೊಳ್ಳುವಂಥ ಪಾಪವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ, ಅಥವಾ ಮಾಡಿದ್ದು ನನಗೆ ಗೊತ್ತಾಗಿರಲಿಲ್ಲ.

ಅದು ಒಂದು ಸೋಮವಾರ. ಮನೆಯಲ್ಲಿ ಹೆಂಡತಿಯೊಡನೆ ಕಟಿಪಿಟಿ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಬಂದಿದ್ದೆ. ಬಸ್ಸು ಜನರಿಂದ ಗಿಜಿಗುಡುತ್ತಿತ್ತು. ಖಾಲಿ ಇದ್ದದ್ದು ಒಂದೇ ಸೀಟು, ಅದರ ಮೇಲೆ ಕೆಂಪಂಚಿನ ಟವೆಲ್ಲು. ಆ ಕ್ಷಣ ನನ್ನೊಳಗೆ ಏನು ಹೊಕ್ಕಿತೋ! ಅದರ ಮೇಲೇ ಕೂತುಬಿಟ್ಟೆ. ಬದಿಯಲ್ಲಿ ಕೂತಿದ್ದ ಮುದುಕ ತೂಕಡಿಸುತ್ತಿದ್ದ. ಸಮುವೇಲರು, ಬಾಬುಸಾಬರು ನನ್ನ ಹಿಂದೆಯೇ ಹತ್ತಿ ಕಂಬ ಹಿಡಿದು ನಿಂತರು.

ಸ್ವಲ್ಪ ಹೊತ್ತಿಗೆ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಜನರ ನಡುವೆ ನುಸುಳಿ ಬಂದಳು. "ಅಣ್ಣಾರ, ಇಲ್ಲಿ ನಮ್ಮ ವಸ್ತ್ರ ಹಾಕಿದ್ವಿ."

"ಇಲ್ಲಿ ಯಾವ ವಸ್ತ್ರಾನೂ ಇರಲಿಲ್ಲ ಯವ್ವಾ" ಎಂದೆ. ಕೆಳಗೆ ಟವೆಲ್ಲಿನ ಮಡಿಕೆ ನನ್ನ ತೊಡೆಗೆ ಒತ್ತುತ್ತಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ಆಗ ಬಾಬುಸಾಬರು, ನನಗಾಗಿ, ಕೇಳದೇ ಬಾಯಿ ಹಾಕಿದರು: "ತಂಗೀ, ಇವ್ರು ಮಾಸ್ತರ ಇದ್ದಾರ. ಸುಳ್ಳ ಹೇಳೂ ಮಂದಿ ಅಲ್ಲ. ಬ್ಯಾರೆ ಬಸ್ಸಿನ್ಯಾಗ ಹಾಕಿರಬೇಕ ನೋಡು."

ಅವಳು ತಿರುಗಿ ಇಳಿದು ಹೋದಳು. ಬಸ್ಸು ಹೊರಟಾಗ ಕಿಟಕಿಯಿಂದ ಕಂಡೆ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂಬತ್ತು ಹತ್ತು ವರ್ಷದ ಹುಡುಗಿ ಕೂತಿದ್ದಳು. ಅವಳ ಒಂದು ಕಾಲಿಗೆ ಮೊಣಕಾಲಿನವರೆಗೆ ಬಿಳಿ ಪ್ಲಾಸ್ಟರು. ಆ ಹೆಣ್ಣುಮಗಳು ಹೋಗಿ ಅವಳ ಪಕ್ಕ ಕೂತಳು. ನಾನು ಎದ್ದು "ಬಸ್ ನಿಂದ್ರಸ್ರಿ" ಎಂದು ಕೂಗಬೇಕಿತ್ತು. ಎದ್ದರೆ ಟವೆಲ್ಲು ಕಾಣುತ್ತಿತ್ತು. ರಾಮದುರ್ಗದ ತನಕ ಅಲ್ಲಾಡದೆ ಕೂತೆ. ಇಳಿಯುವಾಗ ಅದನ್ನು ಮುದ್ದೆಮಾಡಿ ಚೀಲಕ್ಕೆ ತುರುಕಿದೆ.

"ಯಾರ ವಸ್ತ್ರಾರೀ ಇದು?" ಎಂದಳು ಹೆಂಡತಿ. "ಸಿಕ್ಕಿತು" ಎಂದೆ. ಅವಳು ಒಗೆದು ಹಿತ್ತಲಲ್ಲಿ ಹರವಿದಳು. ಮರುದಿನ ಲಿಂಗಪೂಜೆಗೆ ಕೂತರೆ ಕಣ್ಣು ಅಂಗೈಯ ಮೇಲಿರದೆ ಹಿತ್ತಲ ತಂತಿಯ ಕಡೆ ಓಡುತ್ತಿತ್ತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ಬಸ್ಸಿನಲ್ಲಿ, ಯಾರದೋ ಸುದ್ದಿ ಎಂಬಂತೆ ಕೇಳಿದೆ: "ಒಬ್ಬಾಂವ ಒಂದ ಸುಳ್ಳ ಹೇಳಿ ಇನ್ನೊಬ್ಬರಿಗೆ ತ್ರಾಸ ಕೊಟ್ಟ ಅಂತ ತಿಳೀರಿ. ನಿಮ್ಮ ನಿಮ್ಮ ಧರ್ಮದಾಗ ಅವನ ಗತಿ ಏನ್ರಿ?"

ಸಮುವೇಲರು ಜೇಬಿನಿಂದ ರಬ್ಬರು ತೆಗೆದರು. ಅವರ ಜೇಬಿನಲ್ಲಿ ಅದು ಯಾವಾಗಲೂ ಇರುತ್ತಿತ್ತು. "ದೇವರ ಕಡೆ ಇದಕ್ಕಿಂತ ದೊಡ್ಡ ರಬ್ಬರ್ ಐತ್ರಿ. ಮೊಣಕಾಲೂರಿ, ತಪ್ಪಾತಪ್ಪಾ ಅಂದ್ರ ಎಂಥಾ ಗೆರಿ ಇದ್ರೂ ಅಳಸ್ತಾನ." ನನಗೆ ಜೀವ ಬಂದಂತಾಯಿತು. ನಿಜ ಹೇಳಬೇಕೆಂದರೆ, ಅವತ್ತು ಸಂಜೆಯವರೆಗೆ ನಾನು ಮನಸ್ಸಿನಲ್ಲೇ ಕ್ರೈಸ್ತನಾಗಿದ್ದೆ.

ಸಂಜೆಯ ಬಸ್ಸಿನಲ್ಲಿ ಬಾಬುಸಾಬರು ಬೆಳಗಿನ ಪ್ರಶ್ನೆಗೆ ಉತ್ತರ ಕೊಟ್ಟರು. ಅವರು ಯಾವುದನ್ನೂ ಅವಸರದಲ್ಲಿ ಹೇಳುವವರಲ್ಲ. "ನಮಾಜ ತಪ್ಪಸಿದ್ರ ಅದು ನನಗ ಅಲ್ಲಾಗ ಸಂಬಂಧಪಟ್ಟಿದ್ದು. ಅಂವ ದಯಾ ದೊಡ್ಡಾಂವ, ಮಾಫ್ ಮಾಡ್ಯಾನು. ಆದ್ರ ಇನ್ನೊಬ್ಬ ಮನಶ್ಯಾಗ ಅನ್ಯಾಯ ಮಾಡಿದ್ರ ಹಂಗ ಬರೂದಿಲ್ರಿ. ಹೊಲದ ಗಡಿ ಬಾಂದಗಲ್ಲ ಸರಸಿದಾಂವ ಸರ್ವೇಯರಗ ಕೈ ಮುಗದ್ರ ಏನ ಬಂತು? ಬಾಜೂ ಹೊಲದಾಂವ ಬರಬೇಕು, ಒಪ್ಪಬೇಕು, ಪಂಚನಾಮಾಕ್ಕ ಸಹಿ ಹಾಕಬೇಕು. ಅಂವ ಬಿಟ್ಟನಂದ್ರ ಅಲ್ಲಾನೂ ಬಿಟ್ಟ."

ನಾನು ಆಸೆಯಿಂದ ಸಮುವೇಲರ ಕಡೆ ನೋಡಿದೆ. ಅವರು ತಲೆ ತುರಿಸಿಕೊಂಡು, "ಅದು ಖರೇ ಅದರಿ" ಎಂದುಬಿಟ್ಟರು. "ನಮಗೂ ಹಂಗಽ ಹೇಳ್ಯಾರ. ಕಾಣಿಕಿ ಹಿಡಕೊಂಡು ದೇವರ ಮುಂದ ನಿಂತಾಗ, ಅಣ್ಣನೋ ತಮ್ಮನೋ ನಿನ್ನ ಮ್ಯಾಲ ನೊಂದಾನು ಅಂತ ನೆನಪಾತಂದ್ರ, ಕಾಣಿಕಿ ಅಲ್ಲೇ ಇಡು, ಮೊದಲ ಅವನ ಕಡೆ ಹೋಗು ಅಂತ."

ಹೀಗೆ ಸಡಿಲ ಧರ್ಮವೊಂದನ್ನು ಹುಡುಕಿ ಹೊರಟವನಿಗೆ ಎರಡು ಬಾಗಿಲೂ ಮುಚ್ಚಿದವು. ನಮ್ಮ ಧರ್ಮದ ಬಾಗಿಲು ತಟ್ಟುವ ಅಗತ್ಯವೇ ಇರಲಿಲ್ಲ, ಸುಳ್ಳು ಹೇಳಬೇಡ ಎಂದು ಅಲ್ಲಿ ಎಂದೋ ಹೇಳಿಯಾಗಿತ್ತು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ.

ಸಮುವೇಲರು ಪೂರ್ತಿ ಕೇಳುವ ಮೊದಲೇ ಹೆಗಲ ಮೇಲೆ ಕೈ ಹಾಕಿ, "ಹೋಗ್ಲಿ ಬಿಡ್ರಿ, ಮನಶ್ಯಾ ಅಂದ ಮ್ಯಾಲ" ಎಂದರು. ಬಾಬುಸಾಬರ ಮುಖ ಮಾತ್ರ ಕಪ್ಪಿಟ್ಟಿತು.

"ಸುಳ್ಳ ನೀವು ಹೇಳಿದ್ರಿ, ಅದು ನಿಮ್ಮದು. ಆದ್ರ ನನ್ನ ಬಾಯಿಲೆ ಸುಳ್ಳ ಸಾಕ್ಷಿ ಹೇಳಿಸಿದ್ರಲ್ಲರೀ. ಮೂವತ್ತು ವರ್ಷ ಮಂದೀ ಹೊಲ ಅಳದೇನಿ. ಒಂದ ಗೇಣಿನ ಸುಳ್ಳಿಗೂ ಸಹಿ ಹಾಕಿಲ್ಲ."

ಎದ್ದು ಹೋಗಿ ಮುಂದಿನ ಸೀಟಿನ ಬಳಿ ನಿಂತರು. ಮರುದಿನವೂ ನಮ್ಮ ಜೊತೆ ಕೂಡಲಿಲ್ಲ, ಅದರ ಮರುದಿನವೂ ಇಲ್ಲ. ಸಮುವೇಲರ ಮಾಫಿ ಅಷ್ಟು ಬೇಗ ಸಿಕ್ಕಿದ್ದರಿಂದಲೋ ಏನೋ ನನ್ನ ಎದೆ ಹಗುರಾಗಲಿಲ್ಲ. ನನಗೆ ಬೇಕಾಗಿದ್ದದ್ದು ಬಾಬುಸಾಬರು. ಅವರಿಲ್ಲದ ಆ ಸೀಟಿನಲ್ಲಿ ಜಾಗ ಧಾರಾಳವಾಗಿತ್ತು, ಕೂತರೆ ಸುಖವಿರಲಿಲ್ಲ. ಅವರ ಗೆಳೆತನ ಕಳೆದುಕೊಂಡೆನೆಂದು ಭಯವಾಗತೊಡಗಿತು.

ಕಂಡಕ್ಟರನಿಗೆ ಆ ಹೆಣ್ಣುಮಗಳ ಗುರುತಿತ್ತು. "ಅಕಿ ತೊರಗಲ್ ಕ್ರಾಸಿನ ಗಂಗವ್ವರಿ. ರೊಟ್ಟಿ ಬಡದು ಖಾನಾವಳಿಗೆ ಕೊಡತಾಳ. ಮಗಳ ಕಾಲ ಮುರದೈತಿ, ದವಾಖಾನಿಗೆ ಬಂದಿದ್ರು."

ಭಾನುವಾರ ಸಮುವೇಲರು ಚರ್ಚು ಮುಗಿಸಿ ಬಂದ ಮೇಲೆ, ಇಸ್ತ್ರಿ ಮಾಡಿದ ಟವೆಲ್ಲನ್ನು ಚೀಲದಲ್ಲಿಟ್ಟುಕೊಂಡು ಸ್ಟ್ಯಾಂಡಿಗೆ ಹೋದೆವು. ನೋಡಿದರೆ, ಸಮುವೇಲರು ಹೇಳಿದ್ದರೋ ಏನೋ, ಬಾಬುಸಾಬರು ಅಲ್ಲಿ ಮೊದಲೇ ನಿಂತಿದ್ದಾರೆ! ನನ್ನ ಕಡೆ ನೋಡದೆ ಸಮುವೇಲರಿಗೆ ಹೇಳಿದರು: "ನಾ ಅವ್ರ ಸಲುವಾಗಿ ಬಂದಿಲ್ಲ. ಸಾಕ್ಷಿ ಹೇಳಿದಾಂವ ನಾನು. ವಾಪಸ್ ತಗೋಬೇಕು."

ತೊರಗಲ್ ಕ್ರಾಸಿನ ಮನೆಯಲ್ಲಿ ಗಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೂವರು ಗಂಡಸರು ಬಾಗಿಲಲ್ಲಿ ನಿಂತದ್ದನ್ನು ನೋಡಿ ಗಾಬರಿಯಾದಳು, ಟವೆಲ್ಲು ನೋಡಿ ಎಲ್ಲ ತಿಳಿದುಕೊಂಡಳು. ನಾನು ತೊದಲುತ್ತ ತಪ್ಪೊಪ್ಪಿಕೊಂಡೆ. ಬಾಬುಸಾಬರು, "ತಂಗೀ, ಅವತ್ತ ನಾ ಆಡಿದ್ದು ಸುಳ್ಳಾತು, ಮಾಫ್ ಮಾಡವಾ" ಎಂದು ಕೈ ಮುಗಿದರು.

"ಎರಡ ತಾಸ ಬಿಸಲಾಗ ಕುಂತೇವ್ರಿ" ಎಂದಳು ಅವಳು, ರೊಟ್ಟಿ ಮಗುಚುತ್ತ. "ಅಷ್ಟೂ ಹೊತ್ತು ನಿಮ್ಮನ್ನ ಬೈದೇನಿ. ನಿಮ್ಮ ಮನಿತನಾ ಹಿಡದು ಬೈದೇನಿ. ಬೈಗಳೆಲ್ಲಾ ಅಲ್ಲೇ ತೀರ್ಯಾವು, ಈಗ ಏನೂ ಉಳಿದಿಲ್ಲ."

"ಹುಡುಗಿ ಕಾಲ ಮುರದೈತಿ ಅಂತ ಒಂದ ಮಾತ ಅಂದಿದ್ರ..." ಎಂದೆ.

"ಅಂದಿದ್ರ ಎದ್ದ ಕೊಡತಿದ್ರಿ. ಗೊತ್ತಿತ್ರಿ. ಆದ್ರ ನನ್ನ ಸೀಟು ನಾ ಯಾಕ ಬೇಡಬೇಕು? ನನಗೂ ಸಿಟ್ಟ ಇರತೈತಿ." ಆಮೇಲೆ ಒಳಗೆ ಕೈ ತೋರಿಸಿದಳು. "ಕಾಲು ಅಕೀದು. ಕೇಳೂದಿದ್ರ ಅಕಿನ್ನ ಕೇಳ್ರಿ."

ಒಳಗೆ ಚಾಪೆಯ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಹುಡುಗಿ ಕೂತಿದ್ದಳು. ಹೆಸರು ಮಂಜುಳಾ. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಮ್ಮ ಹೆಡ್‌ಮಾಸ್ತರರಿಗೂ ಸಾಧ್ಯವಾಗದ ಗಾಂಭೀರ್ಯದಿಂದ ತೀರ್ಪು ಕೊಟ್ಟಳು: "ನನ್ನ ಪ್ಲಾಸ್ಟರ್ ಬಿಚ್ಚೂತನಾ ನೀವು ಬಸ್ಸಿನ್ಯಾಗ ಕುಂದ್ರಬಾರದು. ನಾ ದಿನಾ ಇಲ್ಲೇ ಕ್ರಾಸಿನ ಕಟ್ಟಿ ಮ್ಯಾಲ ಕುಂತ ನೋಡತೇನಿ."

ಪ್ಲಾಸ್ಟರ್ ಬಿಚ್ಚಲು ಇನ್ನೂ ಒಂದು ತಿಂಗಳಿತ್ತು.

ಮರುದಿನದಿಂದ ನಿಂತೆ. ಸೀಟು ಖಾಲಿ ಇದ್ದರೂ ನಿಂತೆ. "ಕುಂದರ್ರಿ ಸರ" ಎಂದು ನನ್ನ ವಿದ್ಯಾರ್ಥಿಗಳು ಎದ್ದರೆ, "ಬ್ಯಾಡಪಾ, ಮೂಲವ್ಯಾಧಿ" ಎಂದು ಇನ್ನೊಂದು ಸುಳ್ಳು ಹೇಳಲು ಬಾಯಿಗೆ ಬರುತ್ತಿತ್ತು. ನುಂಗಿಕೊಂಡು "ಶಿಕ್ಷಾ ಐತಿ" ಎನ್ನುತ್ತಿದ್ದೆ. ಅದನ್ನು ಅವರು ತಮಾಷೆ ಎಂದುಕೊಂಡರು. ತೊರಗಲ್ ಕ್ರಾಸು ಬಂದಾಗ ಕಿಟಕಿಗೆ ಬಾಗಿ ನಿಂತದ್ದನ್ನು ತೋರಿಸಬೇಕು. ಕಟ್ಟೆಯ ಮೇಲಿಂದ ಮಂಜುಳಾ ತಲೆಯಾಡಿಸಬೇಕು. ಆಮೇಲೆ ಬಸ್ಸು ಮುಂದೆ.

ನನ್ನ ತಲೆಯ ಕೆಳಗೇ ಧರ್ಮಚರ್ಚೆ ಮುಂದುವರಿಯಿತು. ಬಾಬುಸಾಬರು ಮತ್ತೆ ಸಮುವೇಲರ ಪಕ್ಕ ಕೂಡತೊಡಗಿದ್ದರು. ಮಾತು ಮಾತ್ರ ಸಮುವೇಲರ ಜೊತೆಗಷ್ಟೇ. ಒಂದು ದಿನ ಸಮುವೇಲರು ಎದ್ದು, "ಮಾಸ್ತರ ಕಾಲ ಬಾತಾವ. ಇವತ್ತ ಅವ್ರ ಬದ್ಲಿ ನಾ ನಿಂದರ್ತೇನಿ" ಎಂದರು.

"ಬರೂದಿಲ್ಲ" ಎಂದರು ಬಾಬುಸಾಬರು. "ಒಬ್ಬರ ಹೊರಿ ಇನ್ನೊಬ್ಬರು ಹೊರಾಕ ಬರೂದಿಲ್ಲ."

"ನಮ್ಮದ್ಯಾಗ ಬರತದ. ನಮ್ಮದು ನಿಂತಿದ್ದಽ ಅದರ ಮ್ಯಾಲ."

"ಹಂಗಾರ ನೀವೂ ನಿಂದರ್ರಿ. ಅವ್ರೂ ನಿಂದರ್ಲಿ."

ಸಮುವೇಲರು ನಿಜಕ್ಕೂ ನಿಂತರು. ಇಬ್ಬರೂ ಕಂಬ ಹಿಡಿದು ಜೋಲಿ ಹೊಡೆಯುತ್ತಿದ್ದಾಗ ಬಾಬುಸಾಬರು ಮುಖ ಅತ್ತ ತಿರುಗಿಸಿಕೊಂಡೇ ಕೈ ಚಾಚಿದರು. "ಶಿಕ್ಷಾ ನಿಮ್ಮದು. ಚೀಲಾ ಇಲ್ಲಿ ಕೊಡ್ರಿ." ಅಂದಿನಿಂದ ನನ್ನ ಚೀಲ ದಿನಾ ಅವರ ತೊಡೆಯ ಮೇಲೆ ಬರುತ್ತಿತ್ತು. ನನ್ನ ಜೊತೆ ಆಡಿದ ಮಾತು ಅದೊಂದೇ.

ಮೂರು ವಾರ ಕಳೆದಿರಬೇಕು. ತೊರಗಲ್ ಕ್ರಾಸಿನಲ್ಲಿ ಗಂಗವ್ವ ಬಸ್ಸಿಗೆ ಕೈಮಾಡಿ ನಿಲ್ಲಿಸಿದಳು. ಕಟ್ಟೆಯ ಮೇಲಿಂದ ಮಂಜುಳಾ ಕೂಗಿದಳು, "ಸಾಕು, ಕುಂದರ್ರಿ!" ಪ್ಲಾಸ್ಟರು ಕಾಲಿಗೆ ಹಾಗೇ ಇತ್ತು.

"ಇನ್ನೂ ಬಿಚ್ಚಿಲ್ಲಲ್ಲವಾ?" ಎಂದೆ.

"ಇರ್ಲಿ ಬಿಡ್ರಿ. ನಿಮ್ಮನ್ನ ನೋಡಿದ್ರ ನನ್ನ ಕಾಲ ನೋಯಾಕ ಹತ್ತತಾವ."

ಬಸ್ಸು ಹೊರಟಿತು. ನಾನು ಎಲ್ಲಿ ಕೂಡಬೇಕೆಂದು ತಿಳಿಯದೆ ನಿಂತೇ ಇದ್ದೆ. ಬಾಬುಸಾಬರು ಕಣ್ಣೊರೆಸಿಕೊಂಡು ಬದಿಗೆ ಸರಿದರು. "ಅಲ್ಲಾನ ಕರುಣಾ ಅವನ ಸಿಟ್ಟಿಗಿಂತ ಮುಂದ ಇರತೈತಿ ಅಂತ ಓದಿದ್ದೆ. ಇವತ್ತ ನೋಡಿದೆ. ಬರ್ರಿ ಮಾಸ್ತರ, ಕುಂದರ್ರಿ."

ಈಗ ಹೋದ ವಾರದ ಸುದ್ದಿಗೆ ಬರುತ್ತೇನೆ. ನಾನು ಬೈಲಹೊಂಗಲಕ್ಕೆ ಹೊರಟಿದ್ದು ಬಾಬುಸಾಬರನ್ನು ಹಜ್ಜಿಗೆ ಕಳಿಸಿಕೊಡಲು. ನಿವೃತ್ತಿಯ ನಂತರ ಅವರು ಅಲ್ಲೇ ಮಗನ ಮನೆಯಲ್ಲಿದ್ದಾರೆ. ಅಂಗಳದ ತುಂಬ ಜನ, ಕೊರಳ ತುಂಬ ಮಲ್ಲಿಗೆ. ಹಜ್ಜಿಗೆ ಹೊರಟವರು ಬಂಧು ಬಳಗದವರ ಬಳಿ ತಪ್ಪಿಗೆ ಮಾಫಿ ಕೇಳಿಯೇ ಹೊರಡಬೇಕಂತೆ. ಒಬ್ಬೊಬ್ಬರ ಕೈ ಹಿಡಿದು ಕೇಳುತ್ತ ಬಂದು ಸಮುವೇಲರನ್ನು ದಾಟಿ ನನ್ನ ಮುಂದೆ ನಿಂತರು.

"ಮಾಸ್ತರ, ಆ ತಿಂಗಳು ನಾ ನಿಮ್ಮ ಕೂಡ ಮಾತ ಬಿಟ್ಟಿದ್ದೆ. ನೀವು ನಿಂತಿದ್ರಿ, ನಾ ಕುಂತ ನೋಡತಿದ್ದೆ. ಆವಾಗ ಅದೆಲ್ಲಾ ಧರ್ಮಾ ಅಂತ ತಿಳಿದಿದ್ದೆ. ಈಗ ಅಳದ ನೋಡೇನಿ. ಅರ್ಧಾ ಧರ್ಮಾ, ಅರ್ಧಾ ನನ್ನ ಸೊಕ್ಕು. ಆ ಅರ್ಧಾಕ್ಕ ಮಾಫ್ ಮಾಡ್ರಿ."

ಇಷ್ಟು ವರ್ಷ ಆ ಲೆಕ್ಕದಲ್ಲಿ ತಪ್ಪೆಲ್ಲ ನನ್ನದೇ ಎಂದುಕೊಂಡಿದ್ದೆ. ಮಾಫಿ ಕೇಳುವುದು ಎಷ್ಟು ಕಷ್ಟವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಡುವುದೂ ಅಷ್ಟೇ ಕಷ್ಟವೆಂದು ಗೊತ್ತಿರಲಿಲ್ಲ. ಹೇಗೋ "ಮಾಡೇನ್ರಿ" ಎಂದೆ. ಬಾಬುಸಾಬರಿಗೆ ಈಗ ಕಿವಿ ಮಂದ. ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ಸಣ್ಣ ಹುಡುಗನ ಹಾಗೆ ಕಾದು ನಿಂತರು.

"ಮಾಫ್ ಮಾಡೇನ್ರೀ!" ಎಂದು ಕೂಗಿದೆ. ಇಡೀ ಅಂಗಳ ತಿರುಗಿ ನೋಡಿ ನಕ್ಕಿತು. ನಾವಿಬ್ಬರು ಮಾತ್ರ ಅಳುತ್ತಿದ್ದೆವು.