ಗೋಡೆಯ ಮೇಲೆ ಹನ್ನೆರಡು ಡಿಗ್ರಿ

ಮೊನ್ನೆ ಮಧ್ಯಾಹ್ನ ಮೂಕಂಡಪಲ್ಲಿಯ ನಮ್ಮ ಮನೆಯ ಕಲ್ಲುಮೆಟ್ಟಿಲಿಗೆ ಒಂದು ಬಕೆಟ್ ನೀರು ಹಾಕಿದೆ. ಕಾದ ಕಲ್ಲಿನಿಂದ ಎದ್ದ ವಾಸನೆಗೆ, ಉದ್ದನಪಲ್ಲಿಯಾಚೆಯ ಕಲ್ಲುಕ್ವಾರಿಯ ಮೇಸ್ತ್ರಿ ಕಣ್ಣ ಮುಂದೆ ಬಂದು ನಿಂತರು.

ಆಗ ನಾನು ಭೂವಿಜ್ಞಾನ ಓದಿ ಮುಗಿಸಿ, ಕೋಲಾರದ ಕಡೆಯಿಂದ ಬಂದು ಮೊದಲ ಕೆಲಸಕ್ಕೆ ಸೇರಿದ್ದೆ. ಯಾವ ಬಂಡೆ ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ಅಳೆದು ಹೇಳಬೇಕಿತ್ತು. ಮೇಸ್ತ್ರಿಗೆ ಅರವತ್ತರ ಹತ್ತಿರ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಳುಗಳೊಡನೆ ತೆಲುಗು, ತಮಿಳು, ನನ್ನೊಡನೆ ಕನ್ನಡ… ಯಾವುದರಲ್ಲಿಯೂ ಮಾತು ಹೆಚ್ಚಿರಲಿಲ್ಲ.

ಕ್ವಾರಿಯ ಉದ್ದನೆಯ ಗೋಡೆಯಲ್ಲಿ ಒಂದು ಸೀಳು ಓರೆಯಾಗಿ ಸಾಗಿತ್ತು. ಗೋಡೆಯ ಮೇಲೆ ಕಂಡಂತೆಯೇ ಅದನ್ನು ಅಳೆದೆ. ಹನ್ನೆರಡು ಡಿಗ್ರಿ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಬಂಡೆ ಜಾರದು ಎಂದು ಬರೆದುಕೊಟ್ಟೆ. ಮರುದಿನ ಗೋಡೆಯ ಬುಡಕ್ಕೆ ಕೆಲಸಕ್ಕಿಳಿದವರನ್ನೆಲ್ಲ ಮೇಸ್ತ್ರಿ ವಾಪಸು ಮೇಲೆ ಹತ್ತಿಸಿಬಿಟ್ಟರು. ನನಗೆ ಸಿಟ್ಟು ಬಂತು. ಯಾಕೆಂದು ಕೇಳಿದೆ.

ಅವರು ಕುಡಿಯುವ ನೀರಿನ ಬಿಂದಿಗೆ ಎತ್ತಿಕೊಂಡು ನನ್ನನ್ನು ಗೋಡೆಯ ನೆತ್ತಿಗೆ ಕರೆದೊಯ್ದರು. ಅಲ್ಲಿ ಮೇಲಿನ ಕಲ್ಲು ತೆಗೆದಿದ್ದರಿಂದ ಅದೇ ಸೀಳಿನ ಮೈ ಒಂದು ಚಾಪೆಯಷ್ಟಗಲ ಬಯಲಾಗಿತ್ತು. ಅದರ ಮೇಲೆ ಆ ಬಿಂದಿಗೆ ಬಗ್ಗಿಸಿದರು. ನೀರು ಗೋಡೆಯ ಉದ್ದಕ್ಕೆ ಹರಿಯಲಿಲ್ಲ. ಕೆಳಗಿನ ಕ್ವಾರಿ ಗುಂಡಿಯ ಕಡೆಗೆ, ಜನ ಕೆಲಸ ಮಾಡುತ್ತಿದ್ದ ಜಾಗದ ಕಡೆಗೇ ಓಡಿತು.

"ಗೋಡೆ ತೋರ್ಸಿದ್ದನ್ನ ಅಳೆದ್ರಿ, ಮೇಡಂ. ನೀರ್ ಹೋದ ದಾರೀಲಿ ಒಂದ್ಸಲ ಅಳೀರಿ" ಅಂದರು.

ಅಳೆದೆ. ನಲವತ್ತು.

ಓರೆಯಾದ ಸೀಳನ್ನು ಅದರ ನೇರ ಇಳುಕಲಿನ ದಿಕ್ಕು ಬಿಟ್ಟು ಬೇರೆ ದಿಕ್ಕಿನಲ್ಲಿ ಗೋಡೆ ಕತ್ತರಿಸಿದರೆ, ಅಲ್ಲಿ ಕಾಣುವ ಇಳಿಜಾರು ನಿಜವಾದದ್ದಕ್ಕಿಂತ ಯಾವಾಗಲೂ ಕಡಿಮೆ. ಆ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದವಳು ನಾನು…

ಸಂಜೆ ಮಾಲೀಕರು ಬಂದರು. ಕೆಲಸ ನಿಲ್ಲಿಸಿದ್ದು ಯಾರೆಂದು ಗದರಿದರು. ತಾನೇ ಎಂದರು ಮೇಸ್ತ್ರಿ. ನನ್ನ ತಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. ಸುಮ್ಮನಿದ್ದಿದ್ದರೆ ನಾನು ಪಾರಾಗುತ್ತಿದ್ದೆ. ಆದರೆ ಅವರ ಪಕ್ಕಕ್ಕೆ ಹೋಗಿ ನಿಂತು, ನನ್ನ ಅಳತೆ ತಪ್ಪು, ಮೇಸ್ತ್ರಿ ಹೇಳಿದ್ದೇ ಸರಿ ಎಂದೆ. ಮಾಲೀಕರು ಗೊಣಗಿಕೊಂಡೇ ಆ ಬದಿಯ ಕೆಲಸ ನಿಲ್ಲಿಸಿದರು.

ಅದೇ ವಾರ ಎರಡು ಮಳೆ ಬಿತ್ತು. ಎರಡನೆಯ ಮಳೆಯ ಮರುದಿನ ಬೆಳಿಗ್ಗೆ ಆ ಬಂಡೆ, ಮನೆಯಷ್ಟು ದಪ್ಪದ್ದು, ನೀರು ಹೋದ ದಾರಿಯಲ್ಲೇ ಜಾರಿ ಬುಡಕ್ಕೆ ಬಿತ್ತು. ಕೆಳಗೆ ಒಬ್ಬರೂ ಇರಲಿಲ್ಲ. ಮೇಸ್ತ್ರಿ ಬೀಡಿ ಹಚ್ಚಲು ನೋಡಿದರು. ಎರಡು ಕಡ್ಡಿ ಮುರಿದವು. ನಾನೇ ಗೀರಿಕೊಟ್ಟೆ.

ಈಗ ಕೃಷ್ಣಗಿರಿಯ ಕಡೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಬಂಡೆ ಅಳೆಯುವುದನ್ನು ಕಲಿಸುತ್ತೇನೆ. ನಿಮಗೆ ಕಲಿಸಿದ್ದು ಯಾರು ಎಂದು ಅವರು ಕೇಳಿದರೆ, ಮೊದಲು ಬಾಯಿಗೆ ಬರುವುದು ಮೇಸ್ತ್ರಿಯ ಹೆಸರು. ಕಾಲೇಜಿನದು ಆಮೇಲೆ.

ಅವರು ತೀರಿಕೊಂಡದ್ದು ನನಗೆ ತಿಂಗಳುಗಳ ನಂತರ ತಿಳಿಯಿತು. ಮನೆಗೆ ಹೋದಾಗ ಅವರ ಮಗಳು ನಾನು ಕ್ವಾರಿಯ ಹೆಸರೆತ್ತಿದೊಡನೆ ಗುರುತು ಹಿಡಿದಳು.

"ನಿಮ್ಮ ಮಾತು ಬೋ ಆಡ್ತಿದ್ರು ಅಪ್ಪ. ಅಷ್ಟು ಓದಿರೋ ಹುಡ್ಗಿ, ಮಾಲೀಕನ ಮುಂದೆ ನಂದೇ ತಪ್ಪು ಅಂದ್ಲು, ನನ್ ಪಕ್ಕ ನಿಂತ್ಕಂಡ್ಲು ಅಂತ. ಬಂದೋರ್ಗೆಲ್ಲ ಹೇಳೋರು."

ಊರಿಗೆಲ್ಲ ಹೇಳಿದ್ದರಂತೆ. ನನಗೊಬ್ಬಳಿಗೆ ಹೇಳಲಿಲ್ಲ. ಹೇಳಿಸಿಕೊಳ್ಳಲು, ಅವರು ಬದುಕಿದ್ದಾಗ ನಾನು ಒಂದು ದಿನವೂ ಆ ಮನೆಗೆ ಹೋಗಿರಲಿಲ್ಲ…